ಕೆಸ್ಲರ್ ಅವರ ರಿವಾಲ್ವರ್ ಮತ್ತು ನನ್ನ ತೊಗರಿಬೇಳೆ

ಒಂದು ವಸ್ತು ನಮಗೆ ಸರಿಹೋಗದಿದ್ದರೆ ಅದನ್ನು ತಿದ್ದಬಹುದು ಎಂಬ ವಿಚಾರ ಜರ್ಮನಿಗೆ ಬರುವವರೆಗೆ ನನಗೆ ಹೊಳೆದೇ ಇರಲಿಲ್ಲ. ಧಾರವಾಡದಲ್ಲಿ ಅಪ್ಪನ ಸ್ಕೂಟರನ್ನು ಒಂದಿಷ್ಟು ವಾಲಿಸಿ, ದೇವರನ್ನು ನೆನೆದು ಒದ್ದರೆ ಮಾತ್ರ ಶುರುವಾಗುತ್ತಿತ್ತು. ಮಿಕ್ಸರಿನ ಮುಚ್ಚಳವನ್ನು ಎಲ್ಲಿ ಒತ್ತಬೇಕೆಂಬುದು ಅಮ್ಮನಿಗೊಬ್ಬಳಿಗೇ ಗೊತ್ತಿತ್ತು. ಯಾರೂ ಮೆಕ್ಯಾನಿಕ್ಕನನ್ನು ಕರೆಯಲಿಲ್ಲ. ವಸ್ತುವಿಗೂ ಒಂದು ಸ್ವಭಾವ ಇರುತ್ತದೆ, ಮನುಷ್ಯ ಅರಿತು ನಡೆಯಬೇಕು ಎಂಬುದು ನಮ್ಮ ಮನೆತನದ ಧೋರಣೆ.

ಕಂಪ್ಯೂಟರಿನವರಿಗೆಂದು ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ಡಾರ್ಮ್‌ಸ್ಟಾಟ್‌ಗೆ ಬಂದಾಗ ನಾನು ಮಹಡಿಯ ಕೋಣೆ ಹಿಡಿದದ್ದು ಹೆರ್ ಕೆಸ್ಲರ್ ಎಂಬ ನಿವೃತ್ತ ಭೂಗೋಳದ ಮೇಷ್ಟ್ರ ಮನೆಯಲ್ಲಿ. ಅವರ ಜೀವದ ಜೀವ ಒಂದು ರಿವಾಲ್ವರ್. ಹಳೆಯ ಅಮೆರಿಕನ್ ಮಾದರಿಯ ಹೊಸ ನಕಲು. ಅದಕ್ಕೆ ತೋಟಾ ಇಲ್ಲ. ಒಂದೊಂದು ಗುಂಡಿಗೂ ಕರಿಮದ್ದು ಸುರಿದು ಗಿಡಿಯಬೇಕು. ಹೊಡೆದರೆ ಗುರಿಗಿಂತ ಮೊದಲು ಹೊಗೆ ಕಾಣುತ್ತದೆ. ಪ್ರತಿ ಶರತ್ಕಾಲ ಅವರ ಕ್ಲಬ್ಬಿನಲ್ಲಿ ಸ್ಪರ್ಧೆ. ಆದರೆ ಆ ವರ್ಷ ಅವರ ಬಲಗೈ ತೋರುಬೆರಳಿನ ಗಂಟು ಊದಿ, ಟ್ರಿಗರ್ ಎಳೆದರೆ ಕಣ್ಣಲ್ಲಿ ನೀರು ಬರುತ್ತಿತ್ತು. "ಈ ಸಲ ಆಗದಿದ್ದರೆ ಮಾರಿಬಿಡುತ್ತೇನೆ. ಕೊಳ್ಳುವವನು ಆಗಲೇ ಕೇಳಿದ್ದಾನೆ" ಎಂದರು. ಹೇಳಿದ್ದು ನನಗೆ, ನೋಡಿದ್ದು ರಿವಾಲ್ವರನ್ನು.

ಅವರ ಉಪಾಯ ಸರಳವಾಗಿತ್ತು. ಒಳಗಿನ ಚಪ್ಪಟೆ ಸ್ಪ್ರಿಂಗನ್ನು ಉಜ್ಜಿ ತೆಳ್ಳಗೆ ಮಾಡಿದರೆ ಟ್ರಿಗರ್ ಹಗುರಾಗುತ್ತದೆ. ಆದರೆ ತೀರ ಹಗುರಾಗುವಂತಿಲ್ಲ. ಖಾಲಿ ರಿವಾಲ್ವರನ್ನು ನಳಿಗೆ ಮೇಲೆ ಮಾಡಿ ಹಿಡಿದು ಟ್ರಿಗರಿಗೆ ಒಂದು ಕಿಲೋ ತೂಗುಬಿಟ್ಟಾಗ, ಎಳೆದು ನಿಲ್ಲಿಸಿದ ಕುದುರೆ, ಅಂದರೆ ಹಿಂದಿನಿಂದ ಬಡಿದು ಮದ್ದು ಹೊತ್ತಿಸುವ ಪುಟ್ಟ ಸುತ್ತಿಗೆ, ಬೀಳಬಾರದು. ಅದು ಕ್ಲಬ್ಬಿನ ನಿಯಮ. ಹಿಂದೊಮ್ಮೆ ಈ ಪರೀಕ್ಷೆಯಲ್ಲಿ ಹಿಟ್ಟಿನ ಪೊಟ್ಟಣ ಒಡೆದು ಕಾರ್ಪೆಟ್ಟು ಹಾಳಾಗಿದ್ದರಿಂದ ಅವರ ಹೆಂಡತಿ ಫ್ರೌ ಕೆಸ್ಲರ್ ಅಡುಗೆಮನೆಯಿಂದ ಏನನ್ನೂ ಕೊಡಲೊಲ್ಲರು. ಅಮ್ಮ ಬಟ್ಟೆಚೀಲದಲ್ಲಿ ಹೊಲಿದು ಕಳಿಸಿದ್ದ ಒಂದು ಕಿಲೋ ತೊಗರಿಬೇಳೆ ನನ್ನ ಬಳಿ ಇತ್ತು. ಪರವಾನಗಿ ಅವರದು, ಕಪಾಟಿನ ಬೀಗದ ಕೈ ಅವರದು, ಬೇಳೆ ನನ್ನದು.

ನನಗೆ ದಿನಚರಿ ಬರೆಯುವ ಚಟ. ಟ್ರಾಮ್ ತಡವಾದದ್ದು, ಅನ್ನ ತಳ ಹಿಡಿದದ್ದು, ಎಲ್ಲಕ್ಕೂ ತಾರೀಖು ಹಾಕಿ ಗೀಟು ಎಳೆಯುವವನು. ಆಫೀಸಿನಲ್ಲೂ ಸಾಫ್ಟ್‌ವೇರ್ ಟೆಸ್ಟಿಂಗ್‌ನವನೇ. ಸಂಜೆ ಸಂಜೆ ಅವರು ಒಂದಿಷ್ಟು ಉಜ್ಜುವರು, ನಾನು ಬೇಳೆ ತೂಗುಬಿಡುವೆ, ಕುದುರೆ ನಿಂತಿತೆಂದು ಗೀಟು ಎಳೆಯುವೆ. ಅವರು ಎಳೆದು ನೋಡಿ "ಇನ್ನೂ ನೋಯುತ್ತದೆ" ಎನ್ನುವರು. ಒಂದು ಸಂಜೆ ಅವರ ಮುಖ ಅರಳಿತು. "ಹೆರ್ ಕುಲಕರ್ಣಿ, ನೋವೇ ಇಲ್ಲ!" ನಾನು ಬೇಳೆ ತೂಗುಬಿಟ್ಟೆ. ಟಪ್ ಎಂದು ಕುದುರೆ ಬಿತ್ತು.

ಆ ಸಂಜೆ ನಾನು ಗೀಟು ಎಳೆಯಲಿಲ್ಲ. ನಿಯಮ ಒಪ್ಪುವ ಟ್ರಿಗರನ್ನು ಅವರ ಬೆರಳು ಒಪ್ಪದು. ಬೆರಳು ಒಪ್ಪುವುದನ್ನು ನಿಯಮ ಒಪ್ಪದು.

"ಹಳೆಯ ಸ್ಪ್ರಿಂಗ್ ಇದೆಯಾ?" ಎಂದೆ.

"ಇದೆ. ನಾನು ಉಜ್ಜಿದ್ದು ಬೇರೆಯಾಗಿ ತರಿಸಿದ ಇನ್ನೊಂದನ್ನು. ಯಾಕೆ?"

"ಅದನ್ನೇ ಹಾಕಿ, ಎಡಗೈಯಲ್ಲಿ ಹೊಡೆಯಿರಿ."

ಭೂಪಟದಲ್ಲಿ ಧಾರವಾಡವನ್ನು ಸಮುದ್ರದೊಳಗೆ ತೋರಿಸಿದ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದರು. ಆಗ ಹೇಳಬೇಕಾಯಿತು: ನಾನು ಹುಟ್ಟಾ ಎಡಚ. ಸ್ಲೇಟಿನ ಮೇಲೆ ಎಡಗೈಯಲ್ಲಿ ಬಳಪ ಹಿಡಿದಾಗಲೆಲ್ಲ ಅಜ್ಜಿ ಅದನ್ನು ಬಲಗೈಗೆ ದಾಟಿಸುತ್ತಿದ್ದಳು. ಒಂದು ಮಳೆಗಾಲ ಕಳೆಯುವುದರೊಳಗೆ ನಾನು ಬಲಗೈಯವನಾಗಿದ್ದೆ.

"ಅಂದರೆ ನಿಮ್ಮಲ್ಲಿ ಸ್ಪ್ರಿಂಗ್ ಉಜ್ಜುವುದಿಲ್ಲ?"

"ಇಲ್ಲ. ನನ್ನನ್ನೇ ಉಜ್ಜಿದರು."

ಅವರು ತುಂಬಾ ಹೊತ್ತು ನಕ್ಕು, ಒಂದು ಷರತ್ತು ಹಾಕಿದರು. "ಈ ವಯಸ್ಸಿನಲ್ಲಿ ನಾನೊಬ್ಬನೇ ಮೂರ್ಖನಾಗಲಾರೆ. ನೀವೂ ಎಡಗೈಗೆ ಮರಳಬೇಕು." ಆ ದಿನದಿಂದ ನನ್ನ ದಿನಚರಿ, ಊಟ, ಎಲ್ಲವೂ ಎಡಗೈಯಲ್ಲೇ; ಭಾನುವಾರದ ಊಟಕ್ಕೆ ನಾವಿಬ್ಬರೂ ಎಡಗೈಯಲ್ಲಿ ಚಮಚ ಹಿಡಿದೆವು. ಅವರ ಸೂಪು ಟೈಗೆ, ನನ್ನದು ಮೇಜುಬಟ್ಟೆಗೆ. "ಮಕ್ಕಳನ್ನು ಬೆಳೆಸಿ ಮುಗಿಯಿತು ಅಂದುಕೊಂಡಿದ್ದೆ" ಎಂದು ಫ್ರೌ ಕೆಸ್ಲರ್ ಒರೆಸುವ ಬಟ್ಟೆ ತಂದರು, "ಮತ್ತೆರಡು ಗಂಟುಬಿದ್ದವು." ಕೆಸ್ಲರ್ ಅವರಿಗೆ ಇದು ಕವಾಯತು. ನನ್ನ ಕೈಗೋ, ರಜೆಗೆ ತವರಿಗೆ ಬಂದಂತಾಗಿತ್ತು.

ಸ್ಪರ್ಧೆಯ ದಿನ ತೀರ್ಪುಗಾರರು ಟ್ರಿಗರಿಗೆ ತೂಕ ತೂಗುಬಿಟ್ಟರು. ಕುದುರೆ ಅಲುಗಲಿಲ್ಲ. ಕೆಸ್ಲರ್ ಎಡಗೈ ಚಾಚಿ ನಿಂತಾಗ ಹಿಂದಿನಿಂದ ಒಬ್ಬ "ಏನಯ್ಯಾ, ಕನ್ನಡಿ ನೋಡಿ ಕಲಿತೆಯಾ?" ಎಂದು ಕೂಗಿದ. ಹೊಗೆ ಕರಗಿದ ಮೇಲೆ ನೋಡಿದರೆ ಗುಂಡುಗಳು ಕಾಗದದ ತುಂಬ ಜಾತ್ರೆಗೆ ಹೋದಂತೆ ಚದುರಿದ್ದವು. ಆದರೆ ಒಂದೂ ಕಾಗದ ತಪ್ಪಿಸಿರಲಿಲ್ಲ. ಕೊನೆಯವರಿಗಿಂತ ಒಂದು ಸ್ಥಾನ ಮೇಲೆ. ಕೊಳ್ಳುವ ಮನುಷ್ಯ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ. "ಮಾರಾಟಕ್ಕಿಲ್ಲ" ಎಂದ ಕೆಸ್ಲರ್, ಇನ್ನೂ ಬೆಚ್ಚಗಿದ್ದ ರಿವಾಲ್ವರನ್ನು ಒರೆಸತೊಡಗಿದರು, ಎಡಗೈಯಲ್ಲೇ.

ನಾನು ಇಂಥ ಯಶಸ್ವೀ ಸಲಹೆಗಾರನಾಗಿ ಬೀಗುತ್ತಾ ಮುಂದಿನ ವಾರ ಆಫೀಸಿನ ಜೋಶಿಯವರ ಮನೆಯ ಸತ್ಯನಾರಾಯಣ ಪೂಜೆಗೆ ಹೋದೆ. ಧಾರವಾಡದಿಂದ ಬಂದಿದ್ದ ಅವರ ಅಜ್ಜಿ ಪ್ರಸಾದ ಹಂಚುತ್ತ ನನ್ನ ಮುಂದೆ ಬಂದವರು ಥಟ್ಟನೆ ಚಮಚ ಹಿಂದಕ್ಕೆಳೆದುಕೊಂಡರು.

"ಏ ತಮ್ಮಾ! ಎಡಗೈ ಚಾಚ್ತೀಯಲ್ಲೋ? ಬಲಗೈ ಏನು ವಿಮಾನದಾಗ ಬಿಟ್ಟು ಬಂದೀ?"

ಇಡೀ ಮನೆ ನನ್ನ ಕಡೆ ತಿರುಗಿತು. ಅವಸರದಲ್ಲಿ ಬಲಗೈ ಚಾಚಿದೆ. ಅಭ್ಯಾಸ ತಪ್ಪಿದ ಕೈ. ಅರ್ಧ ಸಪಾದಭಕ್ಷ್ಯ ಜೋಶಿಯವರ ಸಾಕ್ಸಿನ ಮೇಲೆ ಉದುರಿತು.