ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಬ್ಯಾಟರಿ

ಬ್ಯಾಟರಿಯೊಂದನ್ನು ಆರಿಸುವುದರಲ್ಲಿ ತಪ್ಪುವುದಕ್ಕೆ ಏನಿದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕಲಿಸಿ ಸ್ವಯಂನಿವೃತ್ತಿ ಪಡೆದವನು ನಾನು. ಕೋಷ್ಟಕ ಬರೆಯದೆ ಬದನೆಕಾಯಿಯನ್ನೂ ಕೊಂಡವನಲ್ಲ!

ಶಹಾಬಜಾರದಲ್ಲಿ ಗಡಿಯಾರ ರಿಪೇರಿ ಮಾಡುವ ನನ್ನ ಗೆಳೆಯ ಇಸ್ಮಾಯಿಲ್ ಸಾಹೇಬರು ಎಂಟು ತಿಂಗಳು ಕುಳಿತು, ರಿಮೋಟಿನಿಂದ ಹಾರುವ ಪುಟ್ಟ ವಿಮಾನವೊಂದನ್ನು ಕಟ್ಟಿದ್ದರು. ಅದರ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರಿಯಂತೆ ಉಬ್ಬಿಬಿಟ್ಟಿತ್ತು.

“ಮಾಸ್ತರ್ರ, ಹೊಸಾದು ನೀವೇ ಆರಿಸ್ರಿ. ಖರೆ, ಹುಷಾರ್ ರೀ! ನನ್ನ ಜಾನ್, ನನ್ನ ಜೀವ, ಈ ವಿಮಾನದಾಗ ಅದ.”

ಆ ಮಾತು ನನ್ನ ನೆಮ್ಮದಿಯನ್ನು ಕೆಡಿಸಿತು. ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತಬಹುದೆಂದು ಓದಿದ ಮೇಲಂತೂ, ಮಾದರಿಗೆಂದು ಮನೆಗೆ ತಂದಿದ್ದ ಹಳೆಯದನ್ನು ಮರಳಿನ ಗಡಿಗೆಯಲ್ಲಿ ಹೂತು ಅಂಗಳದಲ್ಲಿ ಕಾವಲು ಕುಳಿತೆ.

“ಏನ್ರಿ, ಗಡಿಗಿ ಮುಂದ ಕುಂತೇ ಬಿಟ್ಟೀರಲ್ಲ! ಅದೇನು ಮರಿ ಹಾಕ್ತದೇನು?” ಎಂದಳು ಹೆಂಡತಿ ಮಹಾದೇವಿ.

ಹಾಳೆ ತೆಗೆದು ಹೊಸ ಬ್ಯಾಟರಿಗಳ ಪರೀಕ್ಷೆ ಆರಂಭಿಸಿದೆ. ಅಭ್ಯರ್ಥಿಗಳು ಮೂವರು, ವಿಷಯಗಳು ಐದು: ಹಗುರತನ, ಶಕ್ತಿ, ಸುರಕ್ಷತೆ, ಆಯುಸ್ಸು, ನಡತೆ. ಲಿಥಿಯಂ ಪಾಲಿಮರ್ ಹಗುರ. ಕೇಳಿದೊಡನೆ ಶಕ್ತಿ ಸುರಿಯುತ್ತದೆ. ಆದರೆ ಉಬ್ಬುವ ಚಾಳಿ! ನಡತೆಯಲ್ಲಿ ಸೊನ್ನೆ. ಲಿಥಿಯಂ ಅಯಾನ್ ಬಹಳ ಹೊತ್ತು ಬರುತ್ತದೆ. ಒಮ್ಮೆಲೇ ಹೆಚ್ಚು ಕೇಳಿದರೆ ತಡವರಿಸುತ್ತದೆ. ಮೂರನೆಯದಾದ ಲಿಥಿಯಂ ಐರನ್ ಫಾಸ್ಫೇಟ್ ಬಹು ಸಂಭಾವಿತ. ಸುಲಭವಾಗಿ ಕಾಯದು, ಉರಿಯದು, ವರ್ಷಗಟ್ಟಲೆ ಬಾಳುವುದು. ಸ್ವಲ್ಪ ಭಾರ, ಸ್ವಲ್ಪ ಮಂದ, ಅಷ್ಟೆ. ಒಟ್ಟು ಅಂಕಗಳಲ್ಲಿ ಅದೇ ಪ್ರಥಮ! ಅದನ್ನೇ ಕೊಂಡೆ.

ನಗರದಲ್ಲಿ ಹಾರಿಸಲು ಜಾಗವೆಲ್ಲಿ? ರವಿವಾರ ಸಾಹೇಬರು, ಮಹಾದೇವಿ, ನಾನು ಮೂವರೂ ಕಮಲಾಪುರದಾಚೆಯ ಬಯಲಿಗೆ ಹೋದೆವು. ಸಾಹೇಬರು ಬ್ಯಾಟರಿಯನ್ನು ಅಂಗೈಯಲ್ಲಿ ತೂಗಿ ನೋಡಿದರು.

“ಭಾಳ ವಜ್ಜಾ ಅನಸ್ತದಲ್ರೀ ಮಾಸ್ತರ್?”

“ಎರಡೇ ವಿಷಯದಾಗ ಕಮ್ಮಿ ಬಿದ್ದದ. ಟೋಟಲ್ ನೋಡ್ರಿ, ಸಾಹೇಬ್ರ!”

“ಹಾರೋದು ಟೋಟಲ್ ಏನ್ರಿ, ವಿಮಾನ ಏನ್ರಿ?” ಎಂದಳು ಮಹಾದೇವಿ. ನಾನು ಬ್ಯಾಟರಿಯನ್ನು ವಿಮಾನದೊಳಗೆ ಕೂರಿಸಿದೆ. ಸಾಹೇಬರು ರಿಮೋಟ್ ಹಿಡಿದರು.

ವಿಮಾನ ನೆಲ ಬಿಟ್ಟಿತು. ಅದು ತುಂಬು ಗರ್ಭಿಣಿ ಎಮ್ಮೆಯಂತೆ ಏದುತ್ತ ಸೊಂಟದೆತ್ತರಕ್ಕೆ ಏರಿತು, ಮೂಗು ತಗ್ಗಿಸಿತು.

“ಎತ್ರಿ, ಸಾಹೇಬ್ರ, ಮ್ಯಾಲ ಎತ್ರಿ!”

“ಏಳವಲ್ದು ರೀ!”

ಏಳಲಿಲ್ಲ. ತೊಗರಿ ಹೊಲದ ಬದುವಿಗೆ ನೆಟ್ಟಗೆ ಹೋಗಿ ಕುಟ್ಟಿತು.

ಓಡಿದೆವು. ರೆಕ್ಕೆ ಒಂದು ಕಡೆ, ಬಾಲ ಒಂದು ಕಡೆ. ಎಂಟು ತಿಂಗಳ ಶ್ರಮ ಮಣ್ಣಿನಲ್ಲಿ ಚೆಲ್ಲಿತ್ತು. ಸಾಹೇಬರು ಬೈದಿದ್ದರೆ ಒಳ್ಳೆಯದಿತ್ತು! ಚೂರುಗಳ ನಡುವಿನಿಂದ ಬ್ಯಾಟರಿಯನ್ನು ಎತ್ತಿ, ಮಣ್ಣು ಒರೆಸಿದರು. ಒಂದು ಗೀರೂ ಬಿದ್ದಿರಲಿಲ್ಲ.

“ಖರೇನೇ ಅಂದಿದ್ರಿ ಮಾಸ್ತರ್ರ. ಇದಕ್ಕೇನೂ ಆಗಿಲ್ಲ,” ಎಂದು ಅದನ್ನು ನನ್ನ ಕೈಗಿಟ್ಟರು. “ಹತ್ತು ವರ್ಷ ಬಾಳತದ. ಇದಕ್ಕ ಹೊಂದೋ ವಿಮಾನ ಇನ್ನ ನೀವೇ ಕಟ್ರಿ.”

ಈಗ ನಿತ್ಯವೂ ಬೆಳಿಗ್ಗೆ ಅವರ ಅಂಗಡಿಯಲ್ಲಿ ಕುಳಿತು ತುಂಡುಗಳಿಗೆ ಅಂಟು ಹಚ್ಚುತ್ತಿದ್ದೇನೆ. ಅತ್ಯಂತ ವ್ಯವಸ್ಥಿತವಾಗಿಯೇ. ನಿನ್ನೆ ಬಾಲವನ್ನು ನನ್ನ ಅಂಗಿಯ ತೋಳಿಗೆ ಅಂಟಿಸಿಕೊಂಡು, ಹಾಗೆಯೇ ಮನೆಗೆ ಬಂದೆ!