ನಾಲ್ವರೂ ನಕ್ಕ ಚಿತ್ರ

ನಿಯಮ ಬರೆದವನು ಅಧ್ಯಕ್ಷನೇ. ವ್ಯಂಗ್ಯಚಿತ್ರಕಾರರ ಬಳಗ ಶುರುವಾದ ದಿನ, ಹುಮ್ಮಸ್ಸಿನಲ್ಲಿ, ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದ: "ನಾಲ್ವರೂ ನಗದೆ ಯಾವ ಚಿತ್ರವೂ ಈ ಕೋಣೆಯಿಂದ ಹೊರಗೆ ಹೋಗಕೂಡದು."

ಒಬ್ಬ ವ್ಯಂಗ್ಯಚಿತ್ರಕಾರ ಇನ್ನೊಬ್ಬನ ಚಿತ್ರಕ್ಕೆ ನಗುವುದೂ ಒಂದೇ, ಬೆಕ್ಕು ಪಕ್ಕದ ಬೆಕ್ಕಿಗೆ ಹಾಲು ಬಡಿಸುವುದೂ ಒಂದೇ ಎಂದು ಆಗ ಅವನಿಗೆ ಹೊಳೆದಿರಲಿಲ್ಲ. ಮೂರು ತಿಂಗಳಾಯಿತು. ಒಂದೇ ಒಂದು ಚಿತ್ರವೂ ಮೆಟ್ಟಿಲು ಇಳಿದಿರಲಿಲ್ಲ.

ಇವತ್ತು ಇಳಿಯಲೇಬೇಕಿತ್ತು. ಊರಿನ ಪತ್ರಿಕೆಯ ಸಂಪಾದಕರು ವಾರಕ್ಕೊಮ್ಮೆ ಅರ್ಧ ಪುಟ ಕೊಡಲು ಒಪ್ಪಿದ್ದರು. "ನಾಲ್ಕು ಗಂಟೆಯೊಳಗೆ ಬರಲಿಲ್ಲವೋ, ಆ ಜಾಗಕ್ಕೆ ಪದಬಂಧ ಹಾಕ್ತೀನಿ," ಎಂದೂ ಹೇಳಿದ್ದರು. ಹನ್ನೆರಡು ವರ್ಷದಿಂದ ಗೀಚುತ್ತಿದ್ದರೂ ಅಧ್ಯಕ್ಷನ ಒಂದು ಗೆರೆಯೂ ಅಚ್ಚಾಗಿರಲಿಲ್ಲ. ಪತ್ರಿಕೆಯ ಕಚೇರಿಗೆ ಒಬ್ಬನೇ ಹೋದಾಗಲೆಲ್ಲ ವಾಚ್‌ಮನ್ ಗೇಟಿನಲ್ಲೇ ತಡೆಯುತ್ತಿದ್ದ. ಬಳಗ ಕಟ್ಟಿದ್ದೇ ಅದಕ್ಕೆ: ಆ ಅರ್ಧ ಪುಟದಲ್ಲಿ ತಾನು ಬರೆದದ್ದು ಬರಬೇಕು.

ಬೆಳಗ್ಗೆಯೇ ತನ್ನ ಚಿತ್ರವನ್ನು ಮೇಜಿನ ಮೇಲೆ ಹರಡಿದ. ಯಾವುದೋ ಕಚೇರಿ, ಕುರ್ಚಿಗಳ ತುಂಬ ಬಸವನಹುಳುಗಳು, ಮುಂದೆ ಅರ್ಜಿ ಹಿಡಿದು ನಿಂತ ಒಬ್ಬ ಬಡಪಾಯಿ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕನ್ನಡಕ ಏರಿಸಿದರು. "ಬೆಳಕು ಎಡಗಡೆಯಿಂದ ಬರ್ತಿದೆ. ನೆರಳೂ ಎಡಕ್ಕೇ ಬಿದ್ದಿದೆಯಲ್ಲಪ್ಪ?"

ಆಸ್ಪತ್ರೆಯ ಪಾಳಿ ಮುಗಿಸಿ ಬಂದಿದ್ದ ನರ್ಸಮ್ಮ ಬಗ್ಗಿ ನೋಡಿದಳು. "ಮೊಣಕೈ ಹೀಗೆ ತಿರುಗಿದ್ರೆ ಮುರಿದಿದೆ ಅಂತ ಅರ್ಥ, ಅಧ್ಯಕ್ಷರೇ. ಮೊದಲು ಪ್ಲಾಸ್ಟರ್ ಹಾಕ್ಸಿ."

ಅಂಗಡಿ ಬೋರ್ಡು ಬರೆಯುವ, ಎಲ್ಲರೂ ಮೀಸೆ ಎಂದೇ ಕರೆಯುವ ನಾಲ್ಕನೆಯವನು, "ಚೆನ್ನಾಗಿದೆ," ಎಂದ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ನಗು ಮಾತ್ರ ಯಾರಿಗೂ ಬರಲಿಲ್ಲ. ಅಧ್ಯಕ್ಷನೇನು ಕಡಿಮೆಯೇ? ಅವರ ಮೂರು ಚಿತ್ರಗಳನ್ನೂ ಹಲ್ಲುನೋವಿನವನಂತೆ ನೋಡಿ ಪಕ್ಕಕ್ಕಿಟ್ಟ.

ಎರಡು ಗಂಟೆ ಹೊಡೆಯಿತು. ಯಾರೂ ನಗುತ್ತಿಲ್ಲವೆಂದು ಹತ್ತಿದ ಜಗಳದ ಸದ್ದಿಗೆ ಕೆಳಗಿನ ಅಂಗಡಿಯ ದರ್ಜಿ ಕೊರಳಲ್ಲಿ ಟೇಪು ಹಾಕಿಕೊಂಡೇ ಮೇಲೆ ಬಂದ. "ನಗೋಕೆ ಜನ ಬೇಕಾ? ನಾನಿಲ್ವಾ?" ಎಂದು ಬಸವನಹುಳುಗಳನ್ನು ದಾಟಿ ನೇರ ಬಡಪಾಯಿಯ ಅಂಗಿಗೆ ಕಣ್ಣು ನೆಟ್ಟ. "ಅಯ್ಯೋ ಸಾರ್, ಇದು ಕಂಕುಳಲ್ಲಿ ಹಿಡಿಯುತ್ತೆ!" ಬೇಡ ಬೇಡ ಎನ್ನುವುದರೊಳಗೆ ಕಿವಿಯ ಸಂದಿಯಲ್ಲಿದ್ದ ನೀಲಿ ಪೆನ್ಸಿಲ್ ತೆಗೆದು ಹೊಸ ತೋಳು ಬರೆದೇಬಿಟ್ಟ. ಅಧ್ಯಕ್ಷ ಆಗತಾನೇ ಮತ್ತೊಮ್ಮೆ ತಿದ್ದಿದ್ದ ಶಾಯಿ ಇನ್ನೂ ಒಣಗಿರಲಿಲ್ಲ. ಅವನ ಅಂಗೈ ಒರೆಸಿದ ಕಡೆ ಬಸವನಹುಳುಗಳೆಲ್ಲ ಕಲಸಿ ಕೆಸರಾದವು.

ಅಧ್ಯಕ್ಷನ ತಾಳ್ಮೆಯ ಹಗ್ಗ ಅಲ್ಲಿಗೆ ಹರಿಯಿತು. ದರ್ಜಿಯನ್ನು ಓಡಿಸಿ, ಉಳಿದ ಮೂವರ ಕಡೆ ತಿರುಗಿ ಅರ್ಧ ಗಂಟೆ ಕೂಗಾಡಿದ. "ನಗೋಕೂ ಜಿಪುಣತನಾನಾ? ನಿಮ್ಮ ಹೊಟ್ಟೆಕಿಚ್ಚಿಗೆ ಒಂದು ಊರಿನ ಅಡುಗೆ ಬೇಯುತ್ತೆ ಕಣ್ರೀ!"

ಮೂವರೂ ಪರೀಕ್ಷೆ ಬರೆಯುವ ಮಕ್ಕಳಂತೆ ತಲೆ ತಗ್ಗಿಸಿ ಗೀಚತೊಡಗಿದರು. ಬೈಗುಳ ನಾಟಿತು ಎಂದು ಸಮಾಧಾನಪಟ್ಟು ಅವನು ಮುಖ ತೊಳೆಯಲು ಹೋದ.

ಬರುವಷ್ಟರಲ್ಲಿ ಮೇಜಿನ ಮೇಲೆ ಮೂವರ ಸಹಿಯೂ ಇದ್ದ ಹೊಸ ಚಿತ್ರವಿತ್ತು. ಖಾಲಿ ಮೈದಾನದಲ್ಲಿ ಒಬ್ಬ ಭಾಷಣ ಬಿಗಿಯುತ್ತಿದ್ದಾನೆ. ಬಾಯಿ ಅಂಚೆ ಡಬ್ಬಿಯಷ್ಟು. ಕಿವಿಗಳು ಇನ್ನೇನು ಹಾರಿಹೋಗುವಂತಿವೆ. ಕೇಳುತ್ತಿರುವುದು ಒಂದೇ ಒಂದು ಕಾಗೆ, ಅದೂ ಆಕಳಿಸುತ್ತ.

ಅಧ್ಯಕ್ಷ ತಡೆದುಕೊಳ್ಳಲು ನೋಡಿದ. ಆಗಲಿಲ್ಲ. ಹೊಟ್ಟೆ ಹಿಡಿದು ನಕ್ಕ. "ಯಾರ್ರೀ ಇವನು? ಇಂಥ ಪೆಕರನ್ನ ಎಲ್ಲೋ ನೋಡಿದೀನಿ!"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಿದ್ದು ಬಿದ್ದು ನಕ್ಕರು.

"ಇಂಥೋರು ಎಲ್ಲ ಕಡೆ ಇರ್ತಾರಪ್ಪ," ಎಂದರು ಮೇಷ್ಟ್ರು, ಕಣ್ಣೊರೆಸಿಕೊಳ್ಳುತ್ತ.

ತನ್ನ ಗೆರೆ ಒಂದೂ ಇಲ್ಲವಲ್ಲ ಎಂದು ಒಳಗೆ ಮುಳ್ಳು ಚುಚ್ಚಿತು. ಇರಲಿ, ಈ ವಾರ ಬಾಗಿಲು ತೆರೆದರೆ ಮುಂದಿನ ವಾರ ಬಸವನಹುಳು ನುಗ್ಗಬಹುದು. ಚಿತ್ರ ಸುತ್ತಿಕೊಂಡು ಓಡಿದ.

ಗೇಟಿನಲ್ಲಿ ವಾಚ್‌ಮನ್ ಚಿತ್ರ ಬಿಚ್ಚಿಸಿ ನೋಡಿದ. ಅಧ್ಯಕ್ಷನ ಮುಖ ನೋಡಿದ. ಮತ್ತೆ ಚಿತ್ರ ನೋಡಿದ. ನಗು ತಡೆಯಲಾರದೆ ಸೆಲ್ಯೂಟ್ ಹೊಡೆದು ಒಳಗೆ ಬಿಟ್ಟ. ಕಂಪ್ಯೂಟರಿನ ಮುಂದೆ ಕೂತ ಹುಡುಗಿಯರೂ ಕಿಸಕ್ಕೆಂದರು. ಚಿತ್ರ ಭಾರೀ ಜೋರಾಗಿದೆ ಎಂದುಕೊಂಡ ಅಧ್ಯಕ್ಷ.

ನಾಲ್ಕಕ್ಕೆ ಐದು ನಿಮಿಷವಿತ್ತು. ಸಂಪಾದಕರು ನಕ್ಕು ನಕ್ಕು ಕನ್ನಡಕ ತೆಗೆದಿಟ್ಟರು. "ಎದೆಗಾರಿಕೆ ಬೇಕ್ರೀ! ತಾವೇ ಹೊತ್ತು ತಂದಿದೀರಲ್ಲ!"

"ಇದರಲ್ಲಿ ಎದೆಗಾರಿಕೆ ಏನು ಬಂತು ಸಾರ್?"

ಸಂಪಾದಕರು ಅವನ ಭುಜ ಹಿಡಿದು ಬೀರುವಿನ ಗಾಜಿನ ಕಡೆ ತಿರುಗಿಸಿ, ಪಕ್ಕದಲ್ಲಿ ಚಿತ್ರ ಹಿಡಿದರು. ಗಾಜಿನಲ್ಲಿ ನಾಲ್ಕು ಕಿವಿಗಳು ಹಾರಲು ಸಿದ್ಧವಾಗಿದ್ದವು. ಊರವರ ಮೂಗು ಮುಸುಡಿಯನ್ನೆಲ್ಲ ಅಳೆದಿದ್ದ ಅಧ್ಯಕ್ಷ ತನ್ನ ಮುಖವನ್ನು ನೋಡುತ್ತಿದ್ದದ್ದು ಗಡ್ಡ ಹೆರೆಯಲು ಮಾತ್ರ.

"ವಾರವಾರ ಇವನೇ ಬರಲಿ," ಎಂದರು ಸಂಪಾದಕರು. "ಆ ಮೂವರೇ ಬರೀಲಿ."

"ನಾನು, ಸಾರ್?"

"ನೀವು ಏನೂ ಮಾಡ್ಬೇಡಿ. ಇದ್ದ ಹಾಗೇ ಇರಿ."

ಅಧ್ಯಕ್ಷ ಕೋಣೆಗೆ ಬಂದವನೇ ಮುಷ್ಟಿ ಎತ್ತಿ ಗುಡುಗಿದ. "ದ್ರೋಹಿಗಳಾ! ಕಟ್ಟಿದವನನ್ನೇ ಮಾರಿಕೊಂಡ್ರಲ್ಲ!"

ಮೂವರ ಪೆನ್ಸಿಲ್‌ಗಳೂ ಆಗಲೇ ಓಡುತ್ತಿದ್ದವು. "ಆ ಕೈ ಒಂದೆರಡು ನಿಮಿಷ ಹಾಗೇ ಇರಲಿ, ಅಧ್ಯಕ್ಷರೇ," ಎಂದಳು ನರ್ಸಮ್ಮ.

ಅವನು ಗಪ್ಪನೆ ಬಾಯಿ ಮುಚ್ಚಿದ.

ಮೇಷ್ಟ್ರು ತೆರೆದ ಬಾಯಿಯನ್ನು ರಬ್ಬರಿನಲ್ಲಿ ಅಳಿಸಿ, ಮುಚ್ಚಿದ ಬಾಯಿ ಬರೆದು, ದೂರ ಹಿಡಿದು ನೋಡಿದರು.

"ಇದು ಇನ್ನೂ ಚೆನ್ನಾಗಿದೆ," ಎಂದ ಮೀಸೆ. ಈ ಸಲ ದನಿಯಲ್ಲಿ ಸಾವಿನ ಮನೆ ಇರಲಿಲ್ಲ.