ಗುದ್ದುಜೀರುಂಡೆ ಹಣ್ಣಾದ ದಿನ

“ಒಸಿ ದೂರ ನಿಂತ್ಕೊ! ಇದು ಕಾದಾಡೋ ಜಂತು. ಹೆಂಗಸ್ರು ಅಂತ ನೋಡಾಕಿಲ್ಲ!”

ಶಿವನಂಜಪ್ಪ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಬೆಂಕಿಪೊಟ್ಟಣದ ಗಾತ್ರದ ಜೀವಿಯೊಂದನ್ನು ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತ. ಅವನ ಹೆಂಡತಿ ಹೊಂಬಾಳಮ್ಮ ಹಿಪ್ಪುನೇರಳೆ ಸೊಪ್ಪಿನ ಮಂಕರಿಯನ್ನು ಸೊಂಟದಿಂದ ಇಳಿಸದೆಯೇ ಬಗ್ಗಿ ನೋಡಿದಳು. ಆರು ಕಾಲು. ಮುಂದಿನ ಎರಡು ಕಾಲುಗಳ ತುದಿಯಲ್ಲಿ ಬಿಗಿಹಿಡಿದ ಮುಷ್ಟಿ. ತಲೆಯ ಮೇಲೊಂದು ಕೊಂಬು. ಬೆನ್ನು ಮಾತ್ರ ಬೆಳ್ಳಗೆ, ಮೆತ್ತಗೆ ಇತ್ತು. ಆ ಬೆನ್ನನ್ನು ತಾನು ಎಲ್ಲೋ ದಿನಾ ನೋಡುತ್ತೇನಲ್ಲ ಅನ್ನಿಸಿತು ಅವಳಿಗೆ.

“ಏನ್ರೀ ಇದು?”

“ಗುದ್ದುಜೀರುಂಡೆ! ಎಪ್ಪತ್ತೇಳನೇ ನಂಬರು!”

ನಂಬರು ಅಂದ ಕೂಡಲೇ ಹೊಂಬಾಳಮ್ಮನಿಗೆ ಅರ್ಥವಾಯಿತು. ಆಗ ಗೂಳಿಕೆರೆಯಲ್ಲಿ ಜಂತುಜಗಳವೆಂಬ ಕಾರ್ಡಾಟದ ಹುಚ್ಚು. ಕಡಲೆಮಿಠಾಯಿ ಪೊಟ್ಟಣದೊಳಗೆ ಒಂದೊಂದು ಕಾರ್ಡು, ಒಂದೊಂದು ಕಾರ್ಡಿನಲ್ಲಿ ಒಂದೊಂದು ಜಂತುವಿನ ಚಿತ್ರ, ಒಟ್ಟು ನೂರೈವತ್ತು. ಮಕ್ಕಳು ಎರಡು ತಿಂಗಳಲ್ಲಿ ಬೇಸತ್ತು ಬಿಟ್ಟರು. ಹಲ್ಲಿಲ್ಲದ ಮುದುಕರು ಮಾತ್ರ ಇನ್ನೂ ಕಡಲೆಮಿಠಾಯಿ ಕೊಳ್ಳುತ್ತಿದ್ದರು! ಅವರಲ್ಲೆಲ್ಲ ದೊಡ್ಡ ಹುಚ್ಚರೆಂದರೆ ಪಕ್ಕದೂರಿನ ಬೋರಲಿಂಗೇಗೌಡರು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರ ಮಗನಿಗೇ ಹೊಂಬಾಳಮ್ಮನ ಮಗಳು ಸುವರ್ಣಳನ್ನು ಕೊಡುವ ಮಾತಾಗಿತ್ತು. ಬರುವ ಭಾನುವಾರ ಲಗ್ನದ ದಿನ ಗೊತ್ತು ಮಾಡಲು ಬೀಗರು ಬರುವವರಿದ್ದರು. ಅವರ ಬಳಿ ನೂರನಲವತ್ತೊಂಬತ್ತು ಕಾರ್ಡಿದ್ದವು. ಇಲ್ಲದ್ದು ಇದೇ ಎಪ್ಪತ್ತೇಳು.

“ಕಾರ್ಡ್ ಯಾಕೆ ಬೀಗ್ರೇ, ಜೀವ ಇರೋದನ್ನೇ ಕೊಡ್ತೀನಿ ಅಂದ್ಬುಟ್ಟಿದೀನಿ!” ಶಿವನಂಜಪ್ಪ ಎದೆ ಉಬ್ಬಿಸಿದ.

ರೈತರಿಗೆ ರೇಷ್ಮೆಹುಳ ಸಾಕುವುದನ್ನು ಹೇಳಿಕೊಡುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿ ಬಂದವನು ಅವನು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಹುಳ ಸಾಕುವ ಕೆಲಸವನ್ನು ಎಂದಿನಂತೆ ಹೆಂಡತಿಗೇ ಬಿಟ್ಟು, ತಾನು ಯಂತ್ರ ಕಟ್ಟುವುದಕ್ಕೆ ಕೂತಿದ್ದ. ಈ ಸಲದ ಯಂತ್ರಕ್ಕೆ ಒಂದು ಹಳೇ ಕುಕ್ಕರ್, ಒಂದು ಒಡೆದ ಮೊಬೈಲು, ಮೊಟ್ಟೆಗೆ ಕಾವು ಕೊಡುವ ಒಂದು ಪೆಟ್ಟಿಗೆ ಸೇರಿದ್ದವು. ಚಿತ್ರವನ್ನು ಮೊಬೈಲಿಗೆ ತೋರಿಸಿ, ಕುಕ್ಕರಿನೊಳಗೆ ಯಾವುದಾದರೂ ಜೀವದ ಬೀಜ ಹಾಕಿ ಗುಂಡಿ ಒತ್ತಿದರೆ, ಆ ಬೀಜ ಆ ಚಿತ್ರದ ರೂಪದಲ್ಲೇ ಬೆಳೆದು ಈಚೆ ಬರುತ್ತದೆ. ಕಾರ್ಡು ಸಿಗದವನಿಗೆ ಚಿತ್ರ ಎಲ್ಲಿ ಸಿಕ್ಕಿತು ಅಂದರೆ, ಮಿಠಾಯಿ ಡಬ್ಬದ ಮುಚ್ಚಳದ ಮೇಲೆ!

“ಬೀಜ ಏನ್ ಹಾಕಿದ್ರಿ?” ಹೊಂಬಾಳಮ್ಮ ಕೇಳಿದಳು.

“ಅದೆಲ್ಲ ನಿಂಗ್ಯಾಕೆ? ಈಗ ಕಾಳಗ ನೋಡು!”

ಪಕ್ಕದ ಮನೆಯ ಹುಂಜ ಕಲ್ಲಿನ ಹತ್ತಿರ ಬಂತು. ಗುದ್ದುಜೀರುಂಡೆ ಎರಡೂ ಮುಷ್ಟಿ ಎತ್ತಿತು. ಹುಂಜ ಕತ್ತಿನ ಪುಕ್ಕ ಕೆದರಿಕೊಂಡು ಮುಂದೆ ನುಗ್ಗಿತು. ಗುದ್ದುಜೀರುಂಡೆ ತಲೆ ಮೇಲೆತ್ತಿ, ಕೊಂಬು ಆಕಾಶಕ್ಕೆ ತೋರಿಸಿ, ಹಾಗೇ ನಿಂತುಬಿಟ್ಟಿತು. ಅಲುಗಾಡಲಿಲ್ಲ. ಹುಂಜ ಒಂದು ಸುತ್ತು ಬಂದು, ಕೊಂಬಿನ ಮೇಲೆ ಒಮ್ಮೆ ಕುಕ್ಕಿ, ಪ್ರಯೋಜನವಿಲ್ಲವೆಂದು ಹೊರಟುಹೋಯಿತು.

“ಬ್ಯಾಟರಿ ಮುಗೀತೇನೋ,” ಅಂದ ಶಿವನಂಜಪ್ಪ.

ಹೊಂಬಾಳಮ್ಮ ಮಂಕರಿ ಇಳಿಸಿದಳು. ಹಾಗೆ ತಲೆ ಎತ್ತಿ ನಿದ್ದೆ ಹೋಗುವ ಜೀವಿ ಲೋಕದಲ್ಲಿ ಒಂದೇ. ರೇಷ್ಮೆಹುಳ ಪೊರೆ ಬಿಡುವ ಮೊದಲು ಒಂದು ದಿನ ಮೇವು ಬಿಟ್ಟು ಹೀಗೆ ಮಲಗುತ್ತದೆ. ಸಾಕುವವರು ಅದಕ್ಕೆ ಜ್ವರ ಅನ್ನುತ್ತಾರೆ. ಒಂದು ಹುಳಕ್ಕೆ ನಾಲ್ಕು ಜ್ವರ. ನಾಲ್ಕೂ ದಾಟಿದ ಮೇಲೆ ಹೊಟ್ಟೆಬಾಕನ ಹಾಗೆ ತಿಂದು, ಮೈ ಹಳದಿಯಾಗಿ, ಅಂದರೆ ಹಣ್ಣಾಗಿ, ಗೂಡು ಕಟ್ಟುತ್ತದೆ.

“ರೀ! ಮುಂದಿನ ಬೆಳೆಗಿಟ್ಟ ನನ್ ರೇಷ್ಮೆ ಮೊಟ್ಟೆ ಹಾಳೆ ಮೂಲೆ ಕತ್ತರಿಸಿದ್ದು ನೀವೇನಾ?”

“ಒಂದು ಬೆರಳಗಲ ಕಣೆ! ಡಬ್ಬದ ಮುಚ್ಚಳದ ಮೇಲೇ ಬರ್ದವ್ರೆ, ‘ಈ ಜಂತು ನಾಲ್ಕು ಸಲ ರೂಪ ಬದಲಿಸುತ್ತದೆ, ಪ್ರತಿ ಸಲವೂ ಬಲ ಇಮ್ಮಡಿ’ ಅಂತ. ನಾಲ್ಕು ಸಲ! ರೇಷ್ಮೆ ಬಿಟ್ಟು ಬೇರೆ ಯಾವ ಬೀಜ ಸರಿಹೋಗ್ತದೆ, ನೀನೇ ಹೇಳು!”

ಹೊಂಬಾಳಮ್ಮ ಬೈಯತೊಡಗಿದಳು. ಆದರೂ ಮೂವತ್ತು ವರ್ಷ ಹುಳ ಸಾಕಿದ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ? ಬೈಯುತ್ತ ಬೈಯುತ್ತಲೇ ಹುಳಕ್ಕೆ ತೇವ ತಾಗದಿರಲೆಂದು ಹಾಕುವ ಸುಣ್ಣದ ಪುಡಿಯನ್ನು ಒಳಗಿನಿಂದ ತಂದು, ಜ್ವರದಲ್ಲಿದ್ದ ಜಂತುವಿನ ಮೇಲೆ ತೆಳ್ಳಗೆ ಉದುರಿಸಿದಳು.

ಅವಳ ಚಿಂತೆ ಬೇರೆ ಇತ್ತು. ಹುಳದ ಮನೆಯ ತಟ್ಟೆಗಳಲ್ಲಿ ಅವಳ ಬೆಳೆ ನಾಲ್ಕನೇ ಜ್ವರ ದಾಟಿತ್ತು. ಇನ್ನು ನಾಲ್ಕೈದು ದಿನ ಹೊಟ್ಟೆತುಂಬ ಸೊಪ್ಪು ಬಿದ್ದರೆ ಗಟ್ಟಿ ಗೂಡು. ಆ ಗೂಡಿನ ನೂಲಿನಲ್ಲೇ ಸುವರ್ಣಳ ಧಾರೆ ಸೀರೆ ನೇಯಿಸುವುದೆಂದು ಅವಳು ಬೀಗರ ಎದುರಿಗೇ ಮಾತು ಕೊಟ್ಟಿದ್ದಳು. “ಮನೇಲಿ ಬೆಳೆದ ರೇಷ್ಮೇಲಿ ಧಾರೆ ಸೀರೇನಾ? ಆಗೋ ಮಾತಾ ಬೀಗಿತ್ತಿ!” ಎಂದು ಬೋರಲಿಂಗೇಗೌಡರು ಮೀಸೆಯಡಿ ನಕ್ಕಿದ್ದರು. ಆ ನಗು ಅವಳ ಎದೆಯಲ್ಲಿ ಇನ್ನೂ ಚುಚ್ಚುತ್ತಿತ್ತು.

ಮರುದಿನ ಮಂಗಳವಾರ ಬೆಳಿಗ್ಗೆ ಜಂತು ಪೊರೆ ಬಿಟ್ಟು ಎದ್ದಾಗ ಬೆಕ್ಕಿನಷ್ಟಾಗಿತ್ತು. ಎದ್ದದ್ದೇ ಮಂಕರಿಯೊಳಗೆ ಬಿತ್ತು. ಹೊಂಬಾಳಮ್ಮ ಕೈ ಹಾಕಿದರೆ ಮುಂಗೈಗೆ ಗುದ್ದು! ಪೊರಕೆ ಹಾಕಿದರೆ ಪೊರಕೆಗೆ ಗುದ್ದು!

“ನೋಡ್ದಾ, ಎಂಥಾ ಏಟು!” ಶಿವನಂಜಪ್ಪ ಕುಣಿದ.

“ಸೊಪ್ಪು ಕಿತ್ಕೊಂಡು ಗುದ್ದೋದು ವೀರತನಾನಾ? ಅದು ಕಾದಾಡ್ತಾ ಇಲ್ಲ ಕಣ್ರೀ, ಊಟ ಮಾಡ್ತಾ ಅದೆ!”

ಮಂಗಳವಾರ ಮಧ್ಯಾಹ್ನ ಎರಡನೇ ಜ್ವರ, ಬುಧವಾರ ಮೂರನೆಯದು, ಗುರುವಾರ ನಾಲ್ಕನೆಯದು. ಯಂತ್ರದಲ್ಲಿ ಹುಟ್ಟಿದ್ದಕ್ಕೆ ಎಲ್ಲವೂ ಅವಸರ. ಪ್ರತಿ ಜ್ವರಕ್ಕೆ ಮೊದಲು ಶಿವನಂಜಪ್ಪ ಒಬ್ಬೊಬ್ಬ ಎದುರಾಳಿಯನ್ನು ಕರೆತಂದ: ಒಂದು ಟಗರು, ಒಂದು ಹೋರಿಗರು, ಕೊನೆಗೆ ತನ್ನ ಮೊಪೆಡ್ಡು. ಪ್ರತಿ ಸಲವೂ ಜಂತು ಮುಷ್ಟಿ ಎತ್ತಿ, ತಲೆ ಎತ್ತಿ, ನಿದ್ದೆ ಹೋಯಿತು. ಟಗರಿಗೆ ಅವಮಾನವಾಗಿ ಶಿವನಂಜಪ್ಪನಿಗೇ ಗುಮ್ಮಿತು. ಶುಕ್ರವಾರ ಎದ್ದಾಗ ಗುದ್ದುಜೀರುಂಡೆ ಎಮ್ಮೆಕರುವಿನಷ್ಟಿತ್ತು. ಬೇಲಿ ಮುರಿದು ತೋಟಕ್ಕೆ ನುಗ್ಗಿ, ಸಂಜೆಯೊಳಗೆ ಅರ್ಧ ಎಕರೆ ಹಿಪ್ಪುನೇರಳೆಯನ್ನು ಬರೀ ಕಡ್ಡಿ ಮಾಡಿತು!

ಹೊಂಬಾಳಮ್ಮ ನಾಲ್ಕು ಮನೆಯಲ್ಲಿ ಸೊಪ್ಪು ಬೇಡಿ ತಂದಳು. ಎಷ್ಟು ತಂದರೂ ತಟ್ಟೆಗಳ ಕಾಲು ಭಾಗಕ್ಕೆ ಸಾಲದು. ಅವಳ ಹುಳಗಳು ಅರೆಹೊಟ್ಟೆಯಲ್ಲೇ ಹಣ್ಣಾಗಿ, ಬಿದಿರಿನ ಚಂದ್ರಿಕೆಗಳಿಗೆ ಹತ್ತಿದವು. ಆ ಚಂದ್ರಿಕೆಯಲ್ಲಿ ಸುರುಳಿ ಸುರುಳಿಯಾಗಿ ಪಟ್ಟಿ ಹೆಣೆದಿರುತ್ತದೆ. ಹಣ್ಣಾದ ಹುಳಕ್ಕೆ ಗೂಡು ಕಟ್ಟಲು ಆ ಸುರುಳಿಯ ಸಂದೇ ಬೇಕು. ಭಾನುವಾರ ಬೆಳಿಗ್ಗೆ ಅವಳು ಒಂದು ಗೂಡು ಬಿಡಿಸಿ ಬೆರಳಲ್ಲಿ ಒತ್ತಿದಳು. ಈರುಳ್ಳಿ ಸಿಪ್ಪೆಯ ಹಾಗೆ ಒಳಕ್ಕೆ ಹೋಯಿತು. ಹೊಂಬಾಳಮ್ಮ ಅಲ್ಲೇ ಕೂತು ಅತ್ತುಬಿಟ್ಟಳು.

“ಮಗಳಿಗೆ ಏನ್ ಉಡಿಸ್ಲಿ? ನಿಮ್ ಜಂತೂನ ಉಡಿಸ್ಲಾ?”

ಶಿವನಂಜಪ್ಪ ತಲೆ ತಗ್ಗಿಸಿದ. ಪಾಪ ಅನ್ನಿಸುವಷ್ಟರಲ್ಲಿ ಹೊರಗೆ ಕಾರಿನ ಸದ್ದಾಯಿತು, ಮತ್ತೆ ತಲೆ ಎತ್ತಿದ. “ಬೀಗ್ರು ಬಂದ್ರು! ಬೀಗ್ರು ಬಂದ್ರು!”

ಬೋರಲಿಂಗೇಗೌಡರು ಹೆಂಡತಿ ನಿಂಗಾಜಮ್ಮನ ಜೊತೆ ಇಳಿದರು. ಶುಭಕಾರ್ಯವೆಂದು ತಲೆಗೆ ಹದಿನೈದು ಸುತ್ತಿನ ರುಮಾಲು. ಒಂದು ಕೈಯಲ್ಲಿ ಕಾರ್ಡಿನ ಸ್ಟೀಲ್ ಡಬ್ಬ, ಇನ್ನೊಂದರಲ್ಲಿ ದೊಣ್ಣೆ. ಚಿಕ್ಕಂದಿನಲ್ಲಿ ದೊಣ್ಣೆವರಸೆ ಕಲಿತವರಂತೆ. ಕಾಫಿ ಬೇಡ, ನೀರು ಬೇಡ. “ಎಲ್ಲವ್ನೆ ಎಪ್ಪತ್ತೇಳು? ನಾನೇ ಕಾದಾಡ್ತೀನಿ!” ಎಂದು ನೇರ ಹಿತ್ತಲಿಗೆ ನಡೆದರು.

ಗುದ್ದುಜೀರುಂಡೆ ಒಗೆಯುವ ಕಲ್ಲಿಗೆ ಒರಗಿ ಕೂತಿತ್ತು. ಎದುರಿಗಿದ್ದ ಸೊಪ್ಪನ್ನು ಮುಟ್ಟಿರಲಿಲ್ಲ. ಬೆಳ್ಳಗಿದ್ದ ಮೈ ಹಳದಿಗೆ ತಿರುಗಿ, ಬೆಳಕು ಆಚೆಯಿಂದ ಈಚೆಗೆ ಕಾಣುತ್ತಿತ್ತು. ತಲೆಯನ್ನು ಆ ಕಡೆ ಈ ಕಡೆ ತೂಗುತ್ತ ಏನನ್ನೋ ಹುಡುಕುತ್ತಿತ್ತು.

“ಬೀಗ್ರೇ, ಬ್ಯಾಡಿ! ಅದು ಹಣ್ಣಾಗ್ಬುಟ್ಟದೆ!” ಹೊಂಬಾಳಮ್ಮ ಕೂಗಿದಳು.

“ಹಣ್ಣೋ ಕಾಯೋ, ಒಂದೇಟಿಗೆ ಸಾಕು!” ಬೋರಲಿಂಗೇಗೌಡರು ದೊಣ್ಣೆಯನ್ನು ಗಿರ್ರನೆ ತಿರುಗಿಸಿದರು.

ಜಂತು ದೊಣ್ಣೆಯನ್ನು ನೋಡಲೇ ಇಲ್ಲ. ಅದರ ಕಣ್ಣು ರುಮಾಲಿನ ಮೇಲಿತ್ತು. ಸುರುಳಿ, ಸುರುಳಿ, ಸುರುಳಿ! ಇಂಥ ಚಂದ್ರಿಕೆ ಅದಕ್ಕೆ ಇನ್ನೆಲ್ಲಿ ಸಿಗಬೇಕು? ಒಂದೇ ನೆಗೆತಕ್ಕೆ ಬೀಗರ ಹೆಗಲೇರಿ, ರುಮಾಲನ್ನು ಅಪ್ಪಿಕೊಂಡು, ಬಾಯಿಂದ ಎಳೆ ಬಿಡತೊಡಗಿತು. ಬೋರಲಿಂಗೇಗೌಡರು “ಏಯ್!” ಅಂದರು. ಮತ್ತೊಮ್ಮೆ “ಏ...” ಅನ್ನುವಷ್ಟರಲ್ಲಿ ಬಾಯಿ ಮುಚ್ಚಿತ್ತು. ಹೊಂಬಾಳಮ್ಮ ಓಡಿಹೋಗಿ ಪರಂಗಿ ಎಲೆಯ ತೊಟ್ಟು ಮುರಿದು ತಂದು, ಉಸಿರಾಡಲಿಕ್ಕೆಂದು ಅವರ ಬಾಯಿಗೆ ಸಿಕ್ಕಿಸಿದಳು. ಅರ್ಧ ಗಂಟೆಯಲ್ಲಿ ಹಿತ್ತಲಿನಲ್ಲಿ ಆಳೆತ್ತರದ ಬಂಗಾರದ ಬಣ್ಣದ ಗೂಡು ನಿಂತಿತ್ತು. ಅದರ ನೆತ್ತಿಯಿಂದ ಜಂತು ರಾಗಿ ಮುದ್ದೆಯಷ್ಟಕ್ಕೆ ಕುಗ್ಗಿ, ಅಲುಗದ ಕೋಶವಾಗಿ ಟಪ್ಪನೆ ಕೆಳಗೆ ಬಿತ್ತು. ಗುದ್ದುಜೀರುಂಡೆಯ ಕೆಲಸ ಮುಗಿದಿತ್ತು.

“ಹೆದರ್ಬ್ಯಾಡಿ ಬೀಗ್ರೇ, ಗೂಡು ಬಿಚ್ಚೋದು ನಂಗೆ ಗೊತ್ತು!” ಶಿವನಂಜಪ್ಪ ತೋಳೇರಿಸಿದ. “ಲೇ, ಹಂಡೆಗೆ ಉರಿ ಹಾಕು! ನೀರು ಕೊತಕೊತ ಕುದೀಬೇಕು!”

ಪರಂಗಿ ಕೊಳವೆಯಿಂದ ದನಿ ಬಂತು: “ಹಂಡೆ ಯಾಕೆ?”

“ಕುದಿಯೋ ನೀರಿಗೆ ಹಾಕ್ದೆ ಎಳೆ ಬಿಡಾಕಿಲ್ಲ ಬೀಗ್ರೇ!”

ಗೂಡು ಎರಡು ಅಡಿ ಹಿಂದಕ್ಕೆ ಹಾರಿತು!

ನಿಂಗಾಜಮ್ಮ ನಿಧಾನವಾಗಿ ಗೂಡನ್ನು ಒಂದು ಸುತ್ತು ಬಂದು ನೋಡಿದರು. “ಮದುವೆಯಾಗಿ ಮೂವತ್ತೆರಡು ವರ್ಸ ಆಯ್ತು. ಇವ್ರು ಒಂದು ಕಡೆ ಸುಮ್ನೆ ನಿಂತಿದ್ದು ಇವತ್ತೇ ನೋಡ್ತಿರೋದು,” ಅಂದರು. ಆಮೇಲೆ ನಿಟ್ಟುಸಿರು ಬಿಟ್ಟು, “ಆದ್ರೂ ಬುಡಾಕಾಯ್ತದಾ? ಒಂದು ಕತ್ತರಿ ಕೊಡಿ,” ಅಂದರು.

“ಕತ್ತರಿ ಮುಟ್ಟಬ್ಯಾಡಿ!”

ಹೊಂಬಾಳಮ್ಮನ ಕೂಗಿಗೆ ಹುಂಜ ಕೂಡ ಬೆಚ್ಚಿತು. ಅವಳ ಅಂಗೈ ಗೂಡಿನ ಮೇಲಿತ್ತು. ಒತ್ತಿ ನೋಡಿದಳು, ಒಳಕ್ಕೆ ಹೋಗಲಿಲ್ಲ. ಇಷ್ಟು ಗಟ್ಟಿ ಗೂಡನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಇದು ತನ್ನದೇ ಮೊಟ್ಟೆ ಹಾಳೆಯ ಹುಳ, ತನ್ನದೇ ತೋಟದ ಸೊಪ್ಪು. ಹಾಗಾದರೆ ಈ ರೇಷ್ಮೆ ಯಾರ ಮನೆಯದು? ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಕತ್ತರಿಸಿದ್ರೆ ಎಳೆಯೆಲ್ಲ ತುಂಡಾಗಿ ಹಾಳಾಯ್ತದೆ. ಬೀಗ್ರೇ, ನೀವು ಒಸಿ ಸಹಕರಿಸ್ಬೇಕು. ತಿರುಗ್ತೀರಾ?”

ಉಗುರುಬೆಚ್ಚಗಿನ ನೀರಿಗೆ ಅಂಟುವಾಳ ಕಲಸಿ, ಚೊಂಬು ಚೊಂಬಾಗಿ ಗೂಡಿನ ಮೇಲೆ ಹುಯ್ದಳು. ಮೆತ್ತಗಾದ ಮೇಲೆ ಎಳೆಯ ತುದಿ ಹುಡುಕಿ, ಅಟ್ಟದ ಮೇಲಿದ್ದ ಅತ್ತೆಯ ಕಾಲದ ರಾಟೆಗೆ ಸಿಕ್ಕಿಸಿದಳು. ಕಾಲ ಬಳಿ ಗೂಡನ್ನು ಅಗಲಿಸಿ, ಬೀಗರ ಪಾದಕ್ಕೆ ಜಾಗ ಮಾಡಿದಳು. ಸುವರ್ಣ ರಾಟೆಗೆ ಕೂತಳು. ನಿಂಗಾಜಮ್ಮ ಸೊಂಟದ ಮೇಲೆ ಕೈಯಿಟ್ಟು, ಗಂಡ ಮೂವತ್ತು ವರ್ಷ ಮಕ್ಕಳಿಗೆ ಕೂಗಿದ್ದನ್ನು ಗಂಡನಿಗೇ ಕೂಗಿದರು:

“ಬಲಕ್ಕೇ... ತಿರುಗ್!”

ಗೂಡು ಟಕ್ಕನೆ ಬಲಕ್ಕೆ ತಿರುಗಿತು. ಡ್ರಿಲ್ ಮೇಷ್ಟ್ರ ಕಾಲು! ತಿರುಗಿತು, ತಿರುಗಿತು, ಗಂಟೆಗಟ್ಟಲೆ ತಿರುಗಿತು. ಎಳೆ ಒಂದು ಕಡೆಯೂ ಕಡಿಯಲಿಲ್ಲ. ನಡುವೆ ಕೊಳವೆಯಲ್ಲಿ ಎರಡು ಸಲ ಕಾಫಿ ಹೋಯಿತು. ತಲೆ ಸುತ್ತಿ ಬೀಗರು ಒಮ್ಮೆ ತಾವೇ ದಿಕ್ಕು ಬದಲಿಸಿದರು.

“ಎಡಕ್ಕೆ ಬ್ಯಾಡಿ ಬೀಗ್ರೇ! ಮತ್ತೆ ಸುತ್ಕೊಳ್ತದೆ!” ಹಿತ್ತಲಿನಲ್ಲಿದ್ದವರೆಲ್ಲ ಒಟ್ಟಿಗೆ ಕೂಗಿದರು.

“ಲಗ್ನದ ಮಾತು ಈಗ್ಲೇ ಮುಗಿಸ್ಬುಡಿ,” ನಿಂಗಾಜಮ್ಮ ಹೊಂಬಾಳಮ್ಮನ ಕಿವಿಯಲ್ಲಿ ಹೇಳಿದರು. “ಈಚೆಗೆ ಬಂದ್ರೆ ಮತ್ತೆ ಏನಾರ ತಕರಾರು ತೆಗೀತಾರೆ.”

ಹೊಂಬಾಳಮ್ಮ ಕೊಳವೆಗೆ ಬಾಯಿಟ್ಟಳು. “ಬೀಗ್ರೇ, ನಮ್ಮನೆ ರೇಷ್ಮೇಲಿ ಧಾರೆ ಸೀರೆ ಆಗೋ ಮಾತಾ?”

ಗೂಡು ಇನ್ನೊಂದು ಸುತ್ತು ತಿರುಗಿತು. ಆಮೇಲೆ ಒಳಗಿನಿಂದ ಸಣ್ಣಗೆ ಕೇಳಿಸಿತು: “ಆಯ್ತದೆ ಬೀಗಿತ್ತಿ. ಧಾರಾಳವಾಗಿ ಆಯ್ತದೆ.”

ಇಳಿಹೊತ್ತಿಗೆ ಕೊನೆಯ ಸುತ್ತು ಬಿಚ್ಚಿಕೊಂಡಿತು. ಬೋರಲಿಂಗೇಗೌಡರು ರುಮಾಲು ಸಮೇತ ಹೊರಬಂದು, ಇನ್ನೂ ಎರಡು ಸುತ್ತು ತಮ್ಮಷ್ಟಕ್ಕೆ ತಿರುಗಿ, ಒಗೆಯುವ ಕಲ್ಲಿನ ಮೇಲೆ ಕೂತರು. ಕೆಳಗೆ ಬಿದ್ದಿದ್ದ ಕೋಶವನ್ನು ಎರಡೂ ಕೈಯಲ್ಲಿ ಎತ್ತಿ, ಒರೆಸಿ, ಸ್ಟೀಲ್ ಡಬ್ಬದಲ್ಲಿ ಇಟ್ಟುಕೊಂಡರು. “ನೂರೈವತ್ತು,” ಅಂದರು. ಅವರ ಕಣ್ಣಲ್ಲಿ ನೀರಿತ್ತು. ಶಿವನಂಜಪ್ಪ ಅದು ತನ್ನ ವಿಜ್ಞಾನಕ್ಕೆ ಸಂದ ಗೌರವ ಅಂದುಕೊಂಡ.

ಎರಡು ತಿಂಗಳಾದ ಮೇಲೆ ಮದುವೆ. ಸುವರ್ಣ ಹೊನ್ನಿನ ಬಣ್ಣದ ಸೀರೆಯುಟ್ಟು ಮಂಟಪಕ್ಕೆ ಬಂದಾಗ ಛತ್ರದ ಹೆಂಗಸರೆಲ್ಲ ಬಾಯಿಗೆ ಕೈಯಿಟ್ಟರು. ಹೊಂಬಾಳಮ್ಮ ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡಳು. ದೂರದ ನೆಂಟಳೊಬ್ಬಳು ಸೆರಗನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿ ಕೇಳಿದಳು: “ಎಂಥಾ ಗಟ್ಟಿ ರೇಷ್ಮೆ ಅಕ್ಕ! ಎಲ್ಲಿ ಸಿಕ್ತು? ನಮ್ಮ ಹುಡುಗಿಗೂ ಒಂದು ತರಿಸ್ಬೇಕು.”

ಹೊಂಬಾಳಮ್ಮ ವೇದಿಕೆಯ ಮೇಲೆ ಬರಿತಲೆಯಲ್ಲಿ ನಿಂತಿದ್ದ ಬೀಗರ ಕಡೆ ಕೈ ತೋರಿಸಿದಳು. ಯಾರೆಷ್ಟು ಹೇಳಿದರೂ ಅವರು ಆ ದಿನ ರುಮಾಲು ಸುತ್ತಲು ಒಪ್ಪಿರಲಿಲ್ಲ.

“ನಮ್ ಬೀಗ್ರ ಮೈಮೇಲೆ ಬೆಳೆದಿದ್ದು ಕಣವ್ವ. ಸದ್ಯಕ್ಕೆ ಒಂದೇ ಬೆಳೆ.”